ಪೇಟ ಬಿಚ್ಚಬ್ಯಾಡ್ರಿ, ಬೀಗರೆ!

…ಅಯ್ಯಯ್ಯೋ, ಬ್ಯಾಡ್ರಿ, ಬ್ಯಾಡ್ರಿ! ಕೈ ಹಚ್ಚಬ್ಯಾಡ್ರಿ ಬೀಗರೆ! ಈಗಷ್ಟೇ ಕಣ್ಣು ಮುಚ್ಚ್ಯಾನೆ ನಿಮ್ಮ ಮೊಮ್ಮಗ ಅಂಜು. ಪೇಟ ಬಿಚ್ಚಿದ್ರೆ ಎದ್ದು ಕೂತು ಓಣಿಗೆಲ್ಲ ಕೇಳೋ ಹಂಗೆ ಅರಚ್ತಾನೆ. ಹೂಂ, ಪೇಟಾನೇ ಅದು! ನೋಡೋರ ಕಣ್ಣಿಗೆ ಟವೆಲ್ಲಿನಂಗೆ ಕಾಣ್ತೈತೆ, ಅಷ್ಟೇ. ನೀವು ಇಲ್ಲಿ ಕೂಡ್ರಿ, ಫ್ಯಾನಿನ ಕೆಳಗೆ. ತಿರುಗ್ತೈತೆ ನೋಡ್ರಿ, ಗಾಳಿ ಬರೋದೊಂದು ಬಾಕಿ.

ಅಲ್ರಿ ಅಕ್ಕನಾಗಮ್ಮಾರೆ, ಈ ಉರಿಬಿಸಿಲಾಗೆ ದಾವಣಗೆರೆಯಿಂದ ಬಸ್ಸು ಹತ್ತಿ ಬಂದೀರಲ್ಲ! ಒಂದು ಫೋನ್ ಹಾಕಿದ್ರೆ ಹರಿಹರದ ಬಸ್‌ಸ್ಟ್ಯಾಂಡಿಗೆ ನಾನೇ ಬ್ಯಾಂಡ್‌ಸೆಟ್ ಕರ್ಕೊಂಡು ಬರ್ತಿದ್ದೆ. ನಮ್ಮ ತಂಗಿ ಸುಧಾನ ಅತ್ತೆ ಬರೋದಂದ್ರೆ ಸುಮ್ನೇನ್ರಿ? ಸ್ವಾತೀ, ಅಜ್ಜಿಗೆ ನೀರು ತಾರವ್ವ. ಗಡಿಗೆ ನೀರು. …ಏ, ಯಾಕ ನಗ್ತೀಯ ನೀನು? ಹೋಗು! ಏಳು ವರ್ಷದ ಹುಡುಗಿ, ಎಪ್ಪತ್ತು ವರ್ಷದ ಮುದುಕಿ ನಗು ನಗ್ತಾಳೆ ನೋಡ್ರಿ. ಯಾರ ಮೊಮ್ಮಗಳು ಅಂತ ನಾನು ಹೇಳಲ್ಲ.

ಒಬ್ಬನೇ ಹೆಂಗೆ ನೋಡ್ಕೊಂಡೆ ಅಂತೀರಾ? ಒಬ್ಬನೇ! ನಮ್ಮಾಕಿ ಮಲೆಬೆನ್ನೂರಿಗೆ ಹೋಗ್ಯಾಳೆ, ಅವಳ ತಂಗಿ ಬಾಣಂತನಕ್ಕೆ. ಮಿರ್ಚಿ ಮಂಡಕ್ಕಿ ಅಂಗಡಿ ಒಂದು ಕಡೆ, ಈ ಎರಡು ಮಕ್ಕಳು ಒಂದು ಕಡೆ. ಬೇರೆಯವನಾಗಿದ್ರೆ ಎರಡೇ ದಿನಕ್ಕೆ ಇವರನ್ನ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಒಪ್ಪಿಸಿ, ಕೈ ಮುಗಿದು ಬರ್ತಿದ್ದ. ಈ ಪರಶುರಾಮ ಅಂದ್ರೆ ಏನಂದ್ಕಂಡೀರಿ? ಬೇಸಿಗೆ ರಜೆಗೆ ಅಂತ ಸುಧಾ ಇವರನ್ನ ಬಿಟ್ಟು ಹೊರಟಾಗ ಒಂದೇ ಮಾತು ಹೇಳಿದ್ದೆ, ‘ತಂಗೀ, ನೀನು ನಿಶ್ಚಿಂತಿಯಿಂದ ಕೆಲಸಕ್ಕೆ ಹೋಗು. ರಜೆ ಮುಗಿಯೋದ್ರಾಗೆ ನಿನ್ನ ಮಕ್ಕಳನ್ನ ನೀನೇ ಗುರುತು ಹಿಡಿಯಲ್ಲ!’

…ಅಂದ್ರೆ, ದಪ್ಪ ಆಗಿರ್ತಾರೆ ಅಂತ. ಬೇರೆ ಅರ್ಥ ಏನಿಲ್ಲ.

ಬಿಸಿಲೇನ್ರಿ? ಕೇಳಬ್ಯಾಡ್ರಿ! ನಿಮ್ಮ ದಾವಣಗೆರೆ ಬಿಸಿಲು ಒಂದು ಬಿಸಿಲಾ? ಅದು ಕೆಲಸ ಕಲಿಯಾಕೆ ಇಲ್ಲಿಗೆ ಬರ್ತೈತೆ. ಹೋದ ವಾರ ತಾರಸಿ ಮೇಲೆ ಅಕ್ಕಿ ಒಣಗಾಕಿದ್ದೆ. ಉಂಡು ಹತ್ತಿ ನೋಡ್ತೀನಿ, ಅಕ್ಕಿ ಇಲ್ಲ! ತಾರಸಿ ತುಂಬ ಮಂಡಕ್ಕಿ! ತಾನೇ ಅರಳಿ ಕೂತೈತೆ! ಭಟ್ಟಿ ಬ್ಯಾಡ, ಮರಳು ಬ್ಯಾಡ, ಸೌದೆ ಬ್ಯಾಡ. ಈ ತಟ್ಟೆಯಾಗೆ ಇರೋದೂ ಅದೇ. ತಗೊಳ್ರಿ, ಒಂದು ಮುಕ್ಕು ಬಾಯಿಗೆ ಹಾಕ್ರಿ… ಯಾಕ್ರಿ ಹಂಗೆ ನೋಡ್ತೀರಿ? ಪಕ್ಕದ ಮನೆ ಮೌಲಾ ಸಾಬರನ್ನ ಕೇಳ್ರಿ. ಅವರ ಮೇಕೆ ಒಂದು ಬೊಗಸೆ ತಿಂದು ಸಾಕ್ಷಿ ಹೇಳೈತೆ.

ಏನಂದ್ರಿ? …ಕೂದ್ಲಾ?

ಹ್ಞಾಂ, ಕೂದ್ಲು. ಅಂಜುನ ಕೂದ್ಲು ಕೇಳಿದ್ರಲ್ಲ… ಅಯ್ಯೋ, ಏನಂತ ಹೇಳ್ಲಿ! ತುಂಗಭದ್ರೆ ನೀರು ತಾಗಿದ್ದೇ ತಡ, ಗದ್ದೆಯಾಗೆ ಪೈರು ಎದ್ದಂಗೆ ಎದ್ದುಬಿಡ್ತು! ಬೆಳಿಗ್ಗೆ ಬಾಚಿದ್ರೆ ಮಧ್ಯಾಹ್ನಕ್ಕೆ ಹೆಗಲಿಗೆ, ಸಂಜೆಗೆ ಸೊಂಟಕ್ಕೆ. ಅಂಗಡಿಗೆ ಬಂದ ಒಬ್ಬ ಗಿರಾಕಿ, ‘ಪರಶಣ್ಣ, ನಿನ್ನ ಸೊಸೆ ಬಾಳ ಚಂದ ಅದಾಳೆ’ ಅಂದ. ‘ಸೊಸೆ ಅಲ್ಲಪ್ಪ, ಅಳಿಯ’ ಅಂದೆ. ಮಿರ್ಚಿ ಗಂಟಲಿಗೆ ಸಿಕ್ಕೊಂತು ಅವನಿಗೆ! ಹಂಗಿರಬೇಕಲ್ಲ ಮತ್ತೆ? ಹುಟ್ಟಿದಾಗಿಂದ ಕತ್ತರಿ ಕಾಣದ ಕೂದ್ಲು. ನೀವು ಹರಕೆ ಹೊತ್ತು ಬಿಡಿಸಿದ ಕೂದ್ಲು. ಬರೋ ಸೋಮವಾರ ಹೊಳೆ ದಂಡೆಯಾಗೆ ಜಾವಳ. ಭಾನುವಳ್ಳಿಯಿಂದ ನಿಮ್ಮ ನಂಟರೆಲ್ಲ ಬರ್ತಾರೆ. ಮೊದಲ ಎಸಳು ಸೋದರಮಾವ ಕತ್ತರಿಸಬೇಕು, ಉಳಿದಿದ್ದು ಆಮೇಲೆ ಕ್ಷೌರದವನ ಕೈಗೆ, ಒಂದು ಕೂದ್ಲೂ ನೆಲಕ್ಕೆ ಬೀಳಬಾರದು… ಎಲ್ಲಾ ಗೊತ್ತೈತ್ರಿ ನನಗೆ! ಹೊಸ ಪಂಚೆ ತಂದು ಇಟ್ಟೀನಿ. ಕತ್ತರಿ ಹಿಡಿಯೋ ಸೋದರಮಾವ ಯಾರು ಮತ್ತೆ? ನಾನೇ ಅಲ್ಲೇನ್ರಿ?

ಪೇಟ ಯಾಕ ಅಂತೀರಾ? ಅದು… ದೃಷ್ಟಿ ತಾಗಬಾರದು ಅಂತ. ಇವನೂ ಬಿಡಲ್ರಿ, ‘ನಾನು ಗೌಡ, ನಾನು ಗೌಡ’ ಅಂತಾನೆ. ಮೂರು ವರ್ಷದ ಕೂಸು, ಪೇಟ ಸುತ್ತಿಕೊಂಡು ಓಣಿ ನಾಯಿಗಳನ್ನೆಲ್ಲ ಕೂಡಿಸಿ ಪಂಚಾಯ್ತಿ ಮಾಡ್ತಾನೆ! ಮೊನ್ನೆ ಒಂದು ರೊಟ್ಟಿ ಜಗಳ ಬಂದಿತ್ತು. ರಾಜಿ ಮಾಡಿಸಿ, ರೊಟ್ಟಿ ತಾನೇ ತಿಂದ.

ಬೆವರ್ತಾನೆ ಅಂತೀರಾ? ಗೌಡ್ರಂದ್ಮೇಲೆ ಬೆವರದೇ ಇರ್ತಾರೇನ್ರಿ… ಬ್ಯಾಡ, ಬ್ಯಾಡ, ಅಲ್ಲಿ ಎಳೀಬ್ಯಾಡ್ರಿ, ಗಂಟು ಸಡಿಲ ಐತೆ… ಬೀಗರೆ… ಅಮ್ಮಾರೆ…

ಹೋತು.

…

ಈಗ ನೀವು ನೋಡ್ತಾ ಇರೋದು ಏನೈತಲ್ಲ… ಮೊದ್ಲು ನೀರು ಕುಡೀರಿ. ಬ್ಯಾಡ? ಸರಿ, ನಾನೇ ಕುಡೀತೀನಿ.

ಅದೇನಾತಂದ್ರೆ, ಕೋತಿ ಬಂತ್ರಿ. ಹೂಂ! ಈ ಎತ್ತರ! ಗುಡಿ ಕಡೆಯಿಂದ ಒಂದು ದಂಡೇ ಬಂತು. ಅವು ನೂರು, ನಾನೊಬ್ಬ. ಕೈಯಾಗೆ ಮಿರ್ಚಿ ತೆಗೆಯೋ ಜಾಲರಿ. ‘ಬರ್ರಲೇ!’ ಅಂದೆ. ಎಲ್ಲಾ ಓಡಿದ್ವು. ಒಂದು ಮಾತ್ರ ಹಿಂದಿನಿಂದ ಬಂದು ಅಳಿಯನ ತಲೆಗೆ… ಹೌದು, ಕೋತಿ ಕೈಗೆ ಕತ್ತರಿ ಎಲ್ಲಿಂದ ಬಂತು ಅನ್ನೋದು ಒಳ್ಳೆ ಪ್ರಶ್ನೆ. ತಪ್ಪಿ ಹೇಳಿದೆ ನೋಡ್ರಿ. ಕೋತಿ ಅಲ್ಲ, ಮೇಕೆ! ಮೌಲಾ ಸಾಬರ ಮೇಕೆ! ಮಂಡಕ್ಕಿ ರುಚಿ ಹತ್ತಿದ ಮೇಕೆ! ಇವನ ಕೂದ್ಲಾಗೆ ಎರಡು ಕಾಳು ಮಂಡಕ್ಕಿ ಸಿಕ್ಕೊಂಡಿದ್ವು. ಅವನ್ನ ಹುಡುಕ್ತಾ, ಹುಡುಕ್ತಾ… ಮೇಯ್ದುಬಿಡ್ತು! ನೆತ್ತಿ ಮೇಲೆ ಈ ಒಂದು ಜುಟ್ಟು ಉಳಿದೈತಲ್ಲ, ಅಷ್ಟೊತ್ತಿಗೆ ಅದರ ಹೊಟ್ಟೆ ತುಂಬಿತ್ತು.

ನಗ್ರಿ. ನಗೋ ಮಾತೇ ಅದು.

…ಯಾಕ್ರಿ ನಗ್ತಿಲ್ಲ?

ಹಂಗಾರೆ ಬೈಯ್ರಿ. ಬೈಯೋದ್ರಾಗೆ ನೀವು ಇಡೀ ದಾವಣಗೆರೆಗೆ ಹೆಸರುವಾಸಿ… ಅಂದ್ರೆ, ಒಳ್ಳೆ ಅರ್ಥದಾಗೆ. ನೀವು ಬೈದ್ರೆ ನಾನೂ ಇನ್ನೆರಡು ಸುಳ್ಳು ಹೇಳಿ ಉಳ್ಕೊಂತೀನಿ. ಹಿಂಗೆ ಸುಮ್ನೆ ಕೂತು ಅವನ ತಲೆ ಮೇಲೆ ಬೆರಳು ಆಡಿಸ್ತಾ ಇದ್ರೆ ನಾನೇನು ಮಾಡ್ಲಿ? …ಅಲ್ಲಿ ಮುಟ್ಟಬ್ಯಾಡ್ರಿ. ಕಿವಿ ಹಿಂದೆ. ಅಲ್ಲಿ ಇನ್ನೂ ಆರಿಲ್ಲ.

ಹೂಂ. ಗುಳ್ಳೆ. ಸೆಕೆಗುಳ್ಳೆ.

ತಲೆ ತುಂಬ ಎದ್ದಿದ್ವು. ಆ ಕೂದ್ಲ ಅಡಿಗೆ ನನಗೂ ಕಾಣ್ಲಿಲ್ರಿ. ಕೆರ್ಕೊಂಡು ಕೆರ್ಕೊಂಡು ಕೀವು ಕಟ್ಟಿಕೊಂಡ್ವು. ದಿಂಬಿಗೆ ತಲೆ ಇಡಾಕೆ ಆಗ್ತಿರ್ಲಿಲ್ಲ ಕೂಸಿಗೆ. ಹೆಗಲ ಮೇಲೆ ಹಾಕ್ಕೊಂಡು ಓಣಿ ತಿರುಗಿದೆ. ಕಥೆ ಹೇಳಿದೆ. ಕೋತಿ ಆದೆ, ಮೇಕೆ ಆದೆ, ರೈಲು ಆದೆ… ನಗ್ಲಿಲ್ರಿ. ನನ್ನ ಕಥೆಗೆ ಅವನು ನಗದೇ ಇದ್ದಿದ್ದು ಅವತ್ತೇ ಮೊದ್ಲು. ಡಾಕ್ಟ್ರು ನೋಡಿ, ಕೂದ್ಲು ತೆಗೆದು ಮುಲಾಮು ಹಚ್ರಿ ಅಂದ್ರು. ‘ಸೋಮವಾರ ಜಾವಳ ಐತ್ರಿ, ಅಲ್ಲೀತನಕ ತಡೀತೀವಿ’ ಅಂದೆ. ‘ನೀವು ತಡೀತೀರಪ್ಪ, ಕೂಸು?’ ಅಂದ್ರು.

ಸುಧಾಗೆ ಗೊತ್ತಿಲ್ರಿ. ಆಣೆ ಮಾಡಿ ಹೇಳ್ತೀನಿ, ಅವಳಿಗೆ ಗೊತ್ತಿಲ್ಲ! ಗೊತ್ತಾದ್ರೆ ನಿಮ್ಮ ಮುಂದೆ ಮುಚ್ಚಿಡೋ ಪೈಕಿ ಅಲ್ಲ ಅವಳು. ‘ನಿನ್ನ ತವರೋರು ನಮ್ಮ ಹರಕೆ ಕೆಡಿಸಿದ್ರು’ ಅಂತ ನಿಮ್ಮ ಮನೆಯಾಗೆ ಅವಳಿಗೆ ಒಂದು ಮಾತು ಬರಬಾರದು ನೋಡ್ರಿ. ಅದಕ್ಕೇ ಈ ಪೇಟ, ಈ ಮೇಕೆ, ಎಲ್ಲಾ. ಬೈಯೋದಿದ್ರೆ ಪೂರ್ತಿ ನನಗೇ ಬೈದು ಮುಗಿಸ್ರಿ. ಅವಳಿಗೆ ಅಂತ ಸ್ವಲ್ಪನೂ ಮಿಗಿಸಬ್ಯಾಡ್ರಿ.

ಆದ್ರೆ ರೀತಿ ಬಿಟ್ಟು ಮಾಡಿಲ್ರಿ! ಸೋದರಮಾವನ ಕೈಲೇ ಕತ್ತರಿ. ಮೌಲಾ ಸಾಬರ ಮನೆಯಾಕಿ, ಖತೀಜಾಬೀ, ಸೆರಗು ಹರವಿ ಕೂತ್ಲು. ಒಂದು ಕೂದ್ಲೂ ನೆಲಕ್ಕೆ ಬಿದ್ದಿಲ್ಲ. ಎಲ್ಲಾ ಅರಿಶಿನ ಬಟ್ಟೆಯಾಗೆ ಕಟ್ಟಿ ದೇವರ ಗೂಡಿನಾಗೆ ಇಟ್ಟೀನಿ. ಬೇಕಾದ್ರೆ ಬಿಚ್ಚಿ ನೋಡ್ರಿ. ನೆತ್ತಿ ಮೇಲಿಂದು ಮಾತ್ರ ಬಿಟ್ಟೆ. ನಿಮ್ಮ ನಂಟರ ಮುಂದೆ ಕತ್ತರಿಸಾಕೆ ಒಂದೆಸಳಾದ್ರೂ ಇರ್ಲಿ ಅಂತ… ನನ್ನ ಕೈ? ನನ್ನ ಕೈ ನಡುಗ್ತಾವೇನ್ರಿ! ಬಂಡೆ ಇದ್ದಂಗೆ ನಿಂತು ಕತ್ತರಿಸಿದೆ. ಕಣ್ಣು ಸಹ ಪಿಳುಕಿಸಲಿಲ್ಲ!

…ಚೀಲದಾಗಿಂದ ಏನು ತೆಗೀತಿದೀರಿ? ಬಡಿಯಾಕೆ ಏನಾದ್ರೂ… ಬೇವಿನೆಣ್ಣೆ? ಅದೇನು, ಟೋಪಿ? ಹತ್ತಿ ಬಟ್ಟೆದು. ಕೈಯಾಗೆ ಹೊಲಿದಿದ್ದು. ತೊಳೆದು ಮೆತ್ತಗೆ ಮಾಡಿ ತಂದೀರಿ. ಎಷ್ಟು ಸಣ್ಣದೈತಲ್ರಿ… ಇರ್ರಿ, ಇರ್ರಿ. ಆ ಕೂದ್ಲು ಇದ್ದ ತಲೆಗೆ ಈ ಟೋಪಿ ಹಿಡಿಯಲ್ಲ. ಅಂದ್ರೆ… ಬಸ್ಸು ಹತ್ತೋಕೆ ಮೊದ್ಲೇ… ಗೊತ್ತಿದ್ದೂ ಕೂದ್ಲು ಹೆಂಗೈತೆ ಅಂತ ಕೇಳಿದ್ರಾ? ಕೋತಿ, ಮೇಕೆ, ಎಲ್ಲಾ ಕೇಳಿಸ್ಕೊಂತಾ ಕೂತಿದ್ರಾ?

ಸ್ವಾತೀ! ಬಾಗಿಲ ಹಿಂದೆ ನಿಂತಿದ್ದು ಸಾಕು, ಬಾ ಇಲ್ಲಿ! ಅಜ್ಜಿಗೆ ಫೋನ್ ಮಾಡಿದ್ದು ನೀನಾ? ನನ್ನ ಫೋನಾಗೇ? ಅಜ್ಜಿ ಮುಖ ನೋಡಬ್ಯಾಡ, ನನ್ನ ಮುಖ ನೋಡು. ಏನಂತ ಹೇಳಿದೆ? …‘ಮಾವ ಅಳ್ಕೊಂತ ಕತ್ತರಿಸಿದ’ ಅಂತಾನಾ? ‘ತಮ್ಮನಿಗಿಂತ ಮಾವನೇ ಜೋರಾಗಿ ಅತ್ತ’ ಅಂತಾನಾ? ಸುಳ್ಳು! ಬೀಗರೆ, ಶುದ್ಧ ಸುಳ್ಳು! ಮಿರ್ಚಿ ಅಂಗಡಿಯೋನು ನಾನು. ಮೆಣಸಿನಕಾಯಿ ಕೈ ಕಣ್ಣಿಗೆ ತಾಗಿತ್ತು, ಅಷ್ಟೇ!

ನಂಬ್ರಿ.

ಅಲ್ರಿ… ಆ ಜುಟ್ಟು ಯಾಕ ಅಷ್ಟು ಹುಷಾರಾಗಿ ಟೋಪಿಯೊಳಗೆ ಮಡಚಿಡ್ತಿದೀರಿ? ಒಂದೆಳೆನೂ ಉದುರದಂಗೆ? ಸೋಮವಾರಕ್ಕಾ? ಸೋಮವಾರ… ಐತಾ ಹಂಗಾರೆ? ಸುಧಾಗೂ ಏನೂ ಅನ್ನಲ್ಲ…

ಬ್ಯಾಡ. ಮಾತಾಡಬ್ಯಾಡ್ರಿ ಬೀಗರೆ. ಹಂಗೇ ಇರ್ರಿ.

ಸ್ವಾತೀ, ಆ ಟವೆಲ್ ಇಲ್ಲಿ ಕೊಡವ್ವ. …ಏನಿಲ್ಲ, ಮೆಣಸಿನಕಾಯಿ ಕೈ. ಏನಂದೆ? ಇವತ್ತು ಅಂಗಡೀನೇ ತೆರೆದಿಲ್ಲ ಅಂತ ನಿನ್ನ ಯಾರು ಕೇಳಿದ್ರೇ?