ಅಂಟಿಸದ ಚೀಟಿ

ಮಧ್ಯಾಹ್ನ ಮೂರಕ್ಕೇ ಲೋಮ್ ಪಟ್ಟಣದ ಮೇಲೆ ಮಳೆ ಕವುಚಿಕೊಂಡಿತು. ಬಸ್ಸಿಗೆ ಕಾಯುತ್ತಿದ್ದ ನಾಲ್ಕೈದು ಮಂದಿ ಸ್ಪಿರಿದೋನ್ ಮುದುಕನ ಅಚ್ಚುಕೂಟಕ್ಕೆ ನುಗ್ಗಿದರು. ಸಾವಾದ ಮನೆಯ ಬಾಗಿಲಿಗೆ ಅಂಟಿಸುವ, ಸತ್ತವರ ಫೋಟೊ, ಹೆಸರು ಇರುವ ಚೀಟಿಗಳನ್ನು ಆತ ಐವತ್ತು ವರ್ಷದಿಂದ ಅಚ್ಚು ಹಾಕುತ್ತಿದ್ದ. ಊರಿನ ಬಾಗಿಲು, ಮರ, ಕಂಬಗಳ ಮೇಲೆಲ್ಲ ಅವನ ಕೈಕೆಲಸವೇ. ಬಂದವರಲ್ಲೊಬ್ಬ ನರ್ಸು ಫೋನಿನಲ್ಲಿ ಎಂಥದೋ ದೆವ್ವದ ಆಟ ಆಡುತ್ತ ಕಣ್ಣೊರೆಸಿಕೊಂಡಳು. ಮುದುಕ ಕನ್ನಡಕ ತೆಗೆದಿಟ್ಟ.

"ಅದನ್ನ ಕೆಳಗಿಡು ತಾಯಿ. ನೀವೂ ಕೂತ್ಕೊಳ್ಳಿ, ಈ ಮಳೇಲಿ ಬಸ್ಸು ಎಲ್ಲಿ ಬರುತ್ತೆ?

"ಇದೇ ಬೀದೀಲಿ ಯಾವೋರ್ ಅಂತ ಒಬ್ಬ. ಅವನೂ ಅವನ ತಂಗಿ ಮಿಲೆನಾನೂ ಒಂದು ರೂಮಲ್ಲಿ ಕೂತು ಫೋನಿಗೆ ಇಂಥದೇ ಆಟ ತಯಾರು ಮಾಡ್ತಿದ್ರು. ಖಾಲಿ ಮನೆ, ಅದರೊಳಗೆ ತಾನು ಸತ್ತಿರೋದು ಗೊತ್ತಿಲ್ದೆ ಅಣ್ಣನಿಗೆ ಕಾಯೋ ಹುಡುಗಿ... ಆ ಹುಡುಗಿಗೆ ದನಿ ಮಿಲೆನಾದು. ಆಟ ಇನ್ನೂ ಮುಗಿದಿರ್ಲಿಲ್ಲ, ನ್ಯುಮೋನಿಯಾ ಬಂದು ಅವಳು ನಿಜವಾಗ್ಲೂ ಹೋಗ್ಬಿಟ್ಲು. ಚೀಟಿ ನಾನೇ ಮಾಡ್ಕೊಟ್ಟೆ. ಅವನು ಬಾಗಿಲಿಗೆ ಅಂಟಿಸ್ಲಿಲ್ಲ. 'ಅಂಟಿಸೋ ಮಾರಾಯ, ಅಂಟಿಸಿದ್ರೇನೆ ತಾನು ಹೋಗಿದೀನಿ ಅಂತ ಅವಳಿಗೆ ಗೊತ್ತಾಗೋದು' ಅಂದೆ. ಕೇಳ್ಬೇಕಲ್ಲ? ಆ ಚೀಟೀನ ಆಟದೊಳಗೆ ಇಟ್ಟ. ಕೊನೇಲಿ ಆಡೋರು ಅದನ್ನ ಬಾಗಿಲಿಗೆ ಅಂಟಿಸ್ಬೇಕು, ಆಗ ಹುಡುಗಿ ಹೊರಟುಹೋಗ್ತಾಳೆ. ತನ್ನ ಕೈಲಾಗದ ಕೆಲಸಾನ ಕಂಡೋರ ಕೈಗೆ ಕೊಟ್ಟ, ಅಷ್ಟೆ.

"ಆಟ ದೇಶದೇಶಕ್ಕೆ ಹೋಯ್ತು. ಆಡಿ ವರ್ಷ ಆದ್ಮೇಲೂ ಜನ ಬರೀತಿದ್ರು... ಅವಳ ದನಿ ಮರೆಯೋಕಾಗ್ತಿಲ್ಲ, ಚೀಟಿ ಅಂಟಿಸೋಕೆ ಮನಸ್ಸು ಬರ್ಲಿಲ್ಲ, ಇರ್ಲಿ ಬಿಡು ಅಂತ ಹಾಗೇ ಬಿಟ್ವಿ ಅಂತ. ಯಾವೋರ್ ಓದಿ ಓದಿ ಖುಷೀಗೆ ಅಳ್ತಿದ್ದ. ಒಂದಿನ ಯಾವನೋ ದೂರದೋನು ಕೇಳ್ದ, 'ಕೊನೇಲಿ ಅವಳು ನಿಮ್ಮ ಭಾಷೇಲಿ ಏನೋ ಹೇಳ್ತಾಳಲ್ಲ, ಏನದು?' ದನೀನೂ ಕಳಿಸಿದ್ದ. ಯಾವೋರ್ ಓಡ್ಕೊಂಡು ಇಲ್ಲಿಗೇ ಬಂದ, ಮುಖ ಬಿಳುಚಿಹೋಗಿತ್ತು. ನನಗೂ ಕೇಳಿಸ್ದ. 'ಅಣ್ಣ, ಎಲ್ರೂ ಇರು ಇರು ಅಂತಾರೆ. ಎಷ್ಟು ಮನೇಲಿ ಅಂತ ನಿಂತ್ಕೊಳ್ಲಿ? ಕಾಲು ನೋಯ್ತಿದೆ.'

"ಆ ಮಾತನ್ನ ಅವರು ರೆಕಾರ್ಡೇ ಮಾಡಿರ್ಲಿಲ್ಲ.

"ಆಮೇಲೆ ಅವನ ಪಾಡು ನೋಡೋಕಾಗ್ತಿರ್ಲಿಲ್ಲ. ತನ್ನ ಬಾಗಿಲಿಗೆ ಚೀಟಿ ಅಂಟಿಸ್ದ. ಆಟ ವಾಪಸ್ ತಗೊಂಡ, ಆದ್ರೆ ಮನೆಮನೆ ಸೇರಿರೋದನ್ನ ಹೇಗೆ ತಗೊಳ್ತಾನೆ? ಒಬ್ಬೊಬ್ರಿಗೂ ಬರೆದ... ನಿಮ್ಮ ಕಾಲಿಗೆ ಬೀಳ್ತೀನಿ, ಅಂಟಿಸ್ಬಿಡಿ, ನನ್ನ ತಂಗೀನ ಬಿಟ್ಬಿಡಿ ಅಂತ. ಊಟ ಬಿಟ್ಟ, ಕೆಲಸ ಬಿಟ್ಟ, ಮೂವತ್ತೈದಕ್ಕೇ ತಲೆಯೆಲ್ಲ ಹಣ್ಣಾಯ್ತು. ಎಷ್ಟೋ ಜನ ಕರುಣೆ ಬಂದು ಅಂಟಿಸಿದ್ರು ಅನ್ನಿ. ಕೊನೆಗೆ ನನ್ನ ಹತ್ರಾನೂ ಬಂದ. 'ತಾತ, ನಿನ್ನ ಫೋನಿಗೂ ಆಟ ಹಾಕ್ಕೊಟ್ಟಿದ್ನಲ್ಲ, ಚೀಟಿ ಅಂಟಿಸಿದೀಯ ತಾನೆ?' 'ನನ್ನ ಕಸುಬೇ ಅದಲ್ವೇನೋ' ಅಂದೆ. ಕೈ ಹಿಡ್ಕೊಂಡು ಅತ್ತ ಪಾಪ, ಈ ಕುರ್ಚೀಲೇ ಕೂತು."

ಮುದುಕ ಕನ್ನಡಕ ಮತ್ತೆ ಹಾಕಿಕೊಂಡ. ಹೊರಗೆ ಬಸ್ಸು ಬಂದು ನಿಂತರೂ ಯಾರೂ ಏಳಲಿಲ್ಲ.

"ನನ್ನ ಹೆಂಡ್ತಿ ಹೋಗಿ ಹನ್ನೊಂದು ವರ್ಷ. ದಿನಾ ಸಂಜೆ 'ಬಂದ್ಯಾ?' ಅಂತ ಕೇಳೋಕೆ ನನಗೆ ಇನ್ಯಾರಿದ್ದಾರೆ, ನೀವೇ ಹೇಳಿ? ಸಾವಿರಾರು ಚೀಟಿ ಮಾಡಿದ ಕೈ ಇದು... ಆಟದೊಳಗಿನ ಅದೊಂದನ್ನ ಅಂಟಿಸೋಕೆ ಏಳಲ್ಲ. ನಿನ್ನೆ ಮಿಲೆನಾ ಕೇಳಿದ್ಲು, 'ತಾತ, ಈಗ ಉಳಿದಿರೋದು ನಿನ್ನ ಮನೆ ಒಂದೇನಾ?'

"'ನಾಳೆ, ಮಗಳೆ' ಅಂದೆ."