ದೇವರ ಕೋಣೆಯೊಳಗಿನ ಜಾಯಿಂಟ್

ಹೆಸರು: ಇಸ್ಮಾಯಿಲಸಾಬ ತಂದೆ ಹಸನಸಾಬ. ವಯಸ್ಸು: 57 ವರ್ಷ. ಉದ್ಯೋಗ: ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ. ವಾಸ: ಬಸ್ ನಿಲ್ದಾಣದ ಹಿಂದೆ, ಕಲಘಟಗಿ.

ದುಮ್ಮವಾಡದ ಮಡಿವಾಳೆಪ್ಪನವರು ನನ್ನ ಶಿಷ್ಯ ಲಕ್ಕಪ್ಪನ ಮೇಲೆ ನಿನ್ನೆ ಕೊಟ್ಟ ದೂರಿನ ಸಂಬಂಧ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮನೆಗಳ ವಿದ್ಯುತ್ ಕೆಲಸವನ್ನು ಪರವಾನಗಿ ಇದ್ದವರೇ ಮಾಡಬೇಕು. ಕಲಿಯುವವರು ಅವರ ಕಣ್ಣೆದುರಿಗೆ ಮಾಡಬಹುದು. ಕೆಲಸ ಮುಗಿದ ಮೇಲೆ ಪರವಾನಗಿದಾರನು ಪ್ರತಿ ತಂತಿಯನ್ನೂ ಪರೀಕ್ಷಿಸಿ ವರದಿಗೆ ಸಹಿ ಹಾಕಬೇಕು. ಇದು ಒಳ್ಳೆಯ ನಿಯಮವೆಂದು ನಾನು ನನ್ನ ಏಳು ಜನ ಶಿಷ್ಯರಿಗೆ ಹೇಳಿಕೊಟ್ಟಿದ್ದೇನೆ.

ಅವರಲ್ಲಿ ಏಳನೆಯವನು ಲಕ್ಕಪ್ಪ, ವಯಸ್ಸು 22. ನಾಲ್ಕು ವರ್ಷಗಳಿಂದ ನನ್ನ ಬಳಿ ಇದ್ದಾನೆ. ಕೆಲಸ ಮುಗಿದ ಮನೆಯಲ್ಲಿ ಹೆಣ್ಣುಮಕ್ಕಳ ಕೈಯಿಂದಲೇ ಒಂದೊಂದು ಸ್ವಿಚ್ಚನ್ನೂ ಒತ್ತಿಸಿ, ಅವರ ಅಂಜಿಕೆ ಹೋದ ಮೇಲೆಯೇ ಚೀಲ ಎತ್ತುತ್ತಾನೆ. ಇದನ್ನು ನಾನು ಅವನಿಗೆ ಕಲಿಸಿದ್ದಲ್ಲ. ಇದೇ ತಿಂಗಳ 24ರಂದು ಹುಬ್ಬಳ್ಳಿಯಲ್ಲಿ ಅವನ ವೈರಮನ್ ಪರೀಕ್ಷೆ ಇದೆ. ಮೊಕದ್ದಮೆ ದಾಖಲಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ.

ದಿನಾಂಕ 4-3-1976ರಂದು ನಾವಿಬ್ಬರೂ ಮಡಿವಾಳೆಪ್ಪನವರ ಮನೆಯಲ್ಲಿ ವೈರಿಂಗ್ ಮಾಡಿದೆವು. ಮಧ್ಯಾಹ್ನ ಮೂರರ ಸುಮಾರಿಗೆ ದೇವರ ಕೋಣೆಯೊಂದೇ ಉಳಿಯಿತು. ಅದರ ಹೊಸ್ತಿಲು ದಾಟುವ ರೂಢಿ ನನಗೂ ಇಲ್ಲ, ಲಕ್ಕಪ್ಪನಿಗೂ ಇಲ್ಲ. ಇಂಥ ಕಡೆ ನಾನು ತಂತಿಯನ್ನು ಹೊಸ್ತಿಲವರೆಗೆ ತಂದು ಮನೆಯವರ ಕೈಗೆ ಕೊಡುತ್ತೇನೆ. ಹೊರಗೆ ನಿಂತು ಹೇಳುತ್ತೇನೆ, ಒಳಗೆ ಅವರು ಜಾಯಿಂಟ್ ಮಾಡುತ್ತಾರೆ. ಇಪ್ಪತ್ತೆರಡು ವರ್ಷ ಹೀಗೆಯೇ ನಡೆದಿದೆ.

ಆಗ ಲಕ್ಕಪ್ಪ ನನ್ನನ್ನು ಬಾಜುಕ್ಕೆ ಕರೆದು, "ಉಸ್ತಾದ್ರ, ಜಾಯಿಂಟ್ ಒಳಗ ಬ್ಯಾಡ್ರಿ. ಅಳತಿ ತಗೊಂಡು, ಹೋಲ್ಡರ್ ನಾವ ಕಟ್ಟಿ, ಒಂದ ತಂತಿ ಕೊಡೂಣು. ನಮಗ ಹೋಗಾಕ ಬರಲಾರದ ಕಡೆ ನಮ್ಮ ತಪ್ಪು ನೋಡಾಕೂ ಬರೂದಿಲ್ರಿ," ಎಂದನು. ಪರವಾನಗಿ ಯಾರದು ಎಂದು ನಾನು ಅವನನ್ನು ಚೇಷ್ಟೆ ಮಾಡಿದೆನು.

ಮಡಿವಾಳೆಪ್ಪನವರು ಒಳಗೆ ಸ್ಟೂಲಿನ ಮೇಲೆ ನಿಂತು ತಂತಿಗಳನ್ನು ಕೂಡಿಸಿದರು. ಟೇಪು ಸುತ್ತಿದಿರಾ ಎಂದು ಕೇಳಿದೆನು. ಸುತ್ತಿದ್ದಾಯಿತು ಎಂದರು. ದೀಪ ಹತ್ತಿತು. ಅದನ್ನೇ ಪರೀಕ್ಷೆ ಎಂದುಕೊಂಡು ಅಂದು ಸಂಜೆ ವರದಿಗೆ ಸಹಿ ಹಾಕಿದೆನು.

ನಿನ್ನೆ ಸೋಮವಾರ ದಿನಾಂಕ 15ರಂದು ಬೆಳಿಗ್ಗೆ ಏಳು ಗಂಟೆಗೆ ಅಂಗಳದ ದೀಪ ಹಾಕಲು ಅದೇ ಮನೆಗೆ ಹೋದೆವು. 7-10ಕ್ಕೆ ದೇವರ ಕೋಣೆಯಲ್ಲಿ ತಂಬಿಗೆ ಬಿದ್ದ ಸಪ್ಪಳವಾಯಿತು. ಮಡಿವಾಳೆಪ್ಪನವರ ತಾಯಿ ಗುರವ್ವನವರು, ವಯಸ್ಸು 61, ಮಿಂದ ಮೈಯಲ್ಲಿ ತೂಗುದೀಪಕ್ಕೆ ಎಣ್ಣೆ ಹಾಕಲು ಸರಪಳಿ ಹಿಡಿದಿದ್ದರು. ಕೈ ಬಿಡಿಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಮಡಿವಾಳೆಪ್ಪನವರು ಹಿತ್ತಲಲ್ಲಿದ್ದರು. ನಾನು ಹೊಸ್ತಿಲಿಗೆ ನಾಲ್ಕು ಅಡಿ ದೂರದಲ್ಲಿದ್ದೆನು. ಲಕ್ಕಪ್ಪ ಹದಿನಾರು ಅಡಿ ದೂರದಲ್ಲಿದ್ದನು. ಅವನು ಮೊದಲು ಗೋಡೆಯ ಮೇನ್ ಸ್ವಿಚ್ ಇಳಿಸಿ, ನನ್ನನ್ನು ದಾಟಿ ಒಳಗೆ ಹೋಗಿ, ಅವರನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಮಲಗಿಸಿದನು. ಅಷ್ಟು ಹೊತ್ತೂ ನಾನು ನಿಂತಲ್ಲಿಯೇ ನಿಂತಿದ್ದೆನು.

ಸಪ್ಪಳಕ್ಕೆ ಬಂದ ಮಡಿವಾಳೆಪ್ಪನವರು, ಯಾರನ್ನು ಕೇಳಿ ಒಳಗೆ ಹೋದೆ ಎಂದು ಲಕ್ಕಪ್ಪನನ್ನು ಗದರಿದರು. ಗುರವ್ವನವರು ಮಲಗಿದಲ್ಲಿಂದಲೇ ಮಗನಿಗೆ, "ಕೇಳಿ ಬರೂದಾಗಿದ್ರ ನಾ ಇರ್ತಿದ್ದಿಲ್ಲೋ ತಮ್ಮಾ," ಎಂದರು.

ಬಳಿಕ ಲಕ್ಕಪ್ಪ, ಮೇನ್ ಯಾರೂ ಏರಿಸಬಾರದೆಂದು ಹೇಳಿ, ನನ್ನ ಕಡೆ ನೋಡಿದನು. ನಾನು ತಲೆಯಾಡಿಸಿದೆನು. ಅವನು ಎರಡನೆಯ ಸಲ ಒಳಗೆ ಹೋಗಿ ಸರಪಳಿಗೆ ತಾಗಿದ್ದ ಜಾಯಿಂಟನ್ನು ಕತ್ತರಿಸಿ ತಂದು ನನ್ನ ಅಂಗೈಯಲ್ಲಿಟ್ಟನು. ಅದಕ್ಕೆ ಟೇಪು ಇರಲಿಲ್ಲ. ಹೂ ಕಟ್ಟುವ ದಾರ ಸುತ್ತಿತ್ತು, ಅದೂ ಅಗದಿ ಒಪ್ಪವಾಗಿ. ಕರಿ ರಬ್ಬರಿನ ಟೇಪು ದೇವರ ಕೋಣೆಗೆ ಸಲ್ಲದೆಂದು ಹಾಗೆ ಮಾಡಿದ್ದಾಗಿ ಮಡಿವಾಳೆಪ್ಪನವರು ಒಪ್ಪಿದರು. ಅವರು ಕೇಡು ಬಯಸಿ ಮಾಡಿದ್ದಲ್ಲ. ನಾನು ನೋಡಿದ್ದರೆ ಆ ದಾರ ಅಂದೇ ಬಿಚ್ಚಿಹೋಗುತ್ತಿತ್ತು.

ಪರವಾನಗಿ ಇಲ್ಲದವನು ದೇವರ ಕೋಣೆಗೆ ನುಗ್ಗಿ ತಂತಿ ಕತ್ತರಿಸಿದನೆಂದು ದೂರಿನಲ್ಲಿದೆ. ಲಕ್ಕಪ್ಪನಿಗೆ ಪರವಾನಗಿ ಇದೆಯೇ ಎಂದು ಜಮಾದಾರರು ನನ್ನನ್ನು ಕೇಳಿದರು. ಇಲ್ಲ. ಪರವಾನಗಿ ಇದ್ದವನು ನಾನು. ನೋಡದ ಜಾಯಿಂಟಿಗೆ ಸಹಿ ಹಾಕಿದವನೂ ನಾನು. ಕ್ರಮ ಜರುಗಿಸುವುದಿದ್ದರೆ ನನ್ನ ಮೇಲೆ ಜರುಗಿಸಿ, 24ರ ಬೆಳಗಿನ ಬಸ್ಸಿಗೆ ಅವನನ್ನು ಬಿಡಬೇಕೆಂದು ಕೋರುತ್ತೇನೆ. ನನ್ನ ಪರವಾನಗಿ ಪುಸ್ತಕವನ್ನೂ ದಾರ ಸುತ್ತಿದ ಜಾಯಿಂಟನ್ನೂ ಇದರೊಂದಿಗೆ ಹಾಜರುಪಡಿಸಿದ್ದೇನೆ.

ನಾನು ಹೇಳಿದಂತೆಯೇ ಬರೆದುಕೊಂಡಿದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಿಜ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಕಲಘಟಗಿ
ದಿನಾಂಕ: 16-3-1976, ಬೆಳಿಗ್ಗೆ 11-30
(ಸಹಿ) ಇಸ್ಮಾಯಿಲಸಾಬ

ಸಾಕ್ಷಿ: ಗುರವ್ವ, ಸಾಕಿನ್ ದುಮ್ಮವಾಡ. ಕರೆಯದೆ ತಾವಾಗಿಯೇ ಚಕ್ಕಡಿಯಲ್ಲಿ ಬಂದು, ಮೇಲಿನದನ್ನು ಓದಿಸಿ ಕೇಳಿ, ಸರಿ ಇದೆ ಎಂದರು. ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ಎಡಗೈ ಹೆಬ್ಬೆಟ್ಟು ಪಡೆಯಲಾಗಿದೆ.