ವರ್ಷಕ್ಕೊಮ್ಮೆ ರಕ್ತ ಕೊಡೋ ಮಾತು

ಕಲಬುರಗಿ ಬಸ್ ನಿಲ್ದಾಣದಲ್ಲಿ ಕಮಲಾಪುರದ ಬಸ್ಸು ತಡವಾದಷ್ಟೂ ಮಲ್ಕಮ್ಮನಿಗೆ ಖುಷಿಯೇ. ಅಕ್ಕಪಕ್ಕದವರ ಮಾತೆಂದರೆ ಅವಳಿಗೆ ಅಜ್ಜಿ ಹೇಳುವ ಕತೆ ಇದ್ದಂತೆ. ಆವತ್ತು ಬೆಂಚಿನ ತುದಿಗೆ ಶಹಾಬಜಾರದ ಮುಕ್ತಾಬಾಯಿ, ಪಕ್ಕದಲ್ಲಿ ಐವತ್ತು ದಾಟಿದ ಮೈದುನ ಬಂಡು ಆಚಾರ್ಯರು.

“ಬಂಡು, ಪ್ರೊಸ್ಟೇಟ್ ಕ್ಯಾನ್ಸರಿನ ತಪಾಸಣಿ ಯಾವಾಗ ಮಾಡಿಸ್ತಿ?”

“ಹೋದ ವರ್ಷ ರಕ್ತ ಕೊಟ್ಟೀನಲ್ರೀ ವೈನಿ. ಏನೂ ಇಲ್ಲಂದ್ರು. ಮುಗೀತು.”

“ಮುಗೀತಂತ! ಮುಂಜಿ ಒಮ್ಮೆ ಆಗ್ಯದ ಅಂತ ಅದೇ ಜನಿವಾರ ಹಾಕ್ಕೊಂಡು ಕೂತೀಯೇನು? ಪ್ರತಿ ಶ್ರಾವಣಕ್ಕ ಬದಲಿ ಮಾಡ್ತಿ. ಮರುದಿನ ರಕ್ತ ಕೊಡು, ನೆನಪರೆ ಇರ್ತದ! ನಿಮ್ಮಣ್ಣಗ ಇದೇ ರೋಗ ಆಗಿತ್ತು, ಅದಕ್ಕ ನೀ ವರ್ಷಕ್ಕೊಮ್ಮೆ ಬಾ ಅಂತ ಡಾಕ್ಟರ್ ಹೇಳಿಲ್ಲೇನು?”

“ನನಗೇನೂ ತ್ರಾಸಿಲ್ರೀ.”

“ನಿಮ್ಮಣ್ಣನೂ ಇದೇ ಹೇಳ್ತಿದ್ರು. ಎಲುಬು ನೋಯಾಕತ್ತ ಮ್ಯಾಲ ದವಾಖಾನಿ ನೆನಪಾತು.”

“ಡಾಕ್ಟರ್ ಬೆರಳು ಹಾಕಿ ನೋಡ್ತಾರ್ರೀ... ಮಡಿವಂತ ಮನುಷ್ಯಾ ನಾ.”

“ಮನಿಗೆ ಬಂದು ತಲಿಮ್ಯಾಲ ನೀರು ಹಾಕ್ಕೋ. ನಿಮ್ಮಣ್ಣಗ ಕಡೀಕ ಸ್ನಾನಕ್ಕೂ ಎದ್ದು ಕೂಡೋದಾಗ್ಲಿಲ್ಲ.”

ಬಸ್ಸು ಬಂತು. ಆಚಾರ್ಯರು ಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು.

“ಕಮಲಾಪುರದಾಗ ಸತ್ಯನಾರಾಯಣ ಪೂಜಾ ಮಾಡಿಸೋದದ. ಮುಂದಿನ ವಾರ ನೋಡೋಣ್ರೀ.”

“ಹೋಗು. ನಿನ್ನ ಹೆಂಡ್ತಿ ಪಾರ್ವತಿ ಕೈತುಂಬ ಬಳಿ ಹಾಕ್ಕೊಂಡು ಬುತ್ತಿ ಕಟ್ಟ್ಯಾಳ. ಒಂದೇ ಮನ್ಯಾಗ ಇಬ್ಬರು ಬೋಳುಗೈ ಆಗೋದು ನನ್ನ ಕೈಲೆ ನೋಡೋದಾಗೂದಿಲ್ಲ.”

ಹಿಂದಿದ್ದವರು ನೂಕಿದರು. ಆಚಾರ್ಯರು ಹತ್ತಲಿಲ್ಲ, ಕಾಲು ಕೆಳಗಿಟ್ಟರು.

“ಮತ್ತ ಪೂಜಾ?”

“ನಿನ್ನ ಬದಲಿ ನನ್ನ ಮಗ ಗುರುರಾಜ ಮುಂಜಾನೇನೇ ಹೋಗ್ಯಾನ. ನಾನೇ ಕಳಿಸೀನಿ.”

“ಅಲ್ರೀ ವೈನಿ, ಹಂಗಾದ್ರ ಇಲ್ಲೀತನಾ ಯಾಕ ಬಂದ್ವಿ?”

“ದವಾಖಾನಿಗೆ ಅಂದಿದ್ರ ನೀ ಮನಿ ಬಿಟ್ಟು ಏಳ್ತಿದ್ದೇನು? ನಡಿ, ಆಟೋ ಕರಿ.”